ಆ ಮನೆಗೆ ಏಣಿ ಇತ್ತೇ

ಅಥವಾ ಏಣಿ ಇತ್ತೇನೋ. ಬಿದಿರಿನದು. ಕೆಳಗಿನಿಂದ ಮೂರನೆಯ ಮೆಟ್ಟಿಲು ಮುರಿದು, ಅದಕ್ಕೆ ತೆಂಗಿನ ಹುರಿ ಸುತ್ತಿದ್ದರು ಎಂದು ಈಗ ಬರೆದರೆ ನೀವು ನಂಬುತ್ತೀರಿ. ನಾನೂ ನಂಬುತ್ತೇನೆ, ತೊಂದರೆ ಇರುವುದೇ ಅಲ್ಲಿ. ಹುರಿಯ ಎಳೆ ಕೂಡ ಕಾಣುವಷ್ಟು ಸ್ಪಷ್ಟವಾಗಿರುವ ಈ ಏಣಿ ನಿಜವಾಗಿ ಆ ಮನೆಯದೇ? ಅಥವಾ ಮೂವತ್ತು ಚಿಲ್ಲರೆ ವರ್ಷ ನಾನು ಹತ್ತಿಳಿದ ಮನೆಗಳಲ್ಲಿ ಯಾವುದೋ ಒಂದರ ಏಣಿಯನ್ನು ನನ್ನ ತಲೆ ಹೊತ್ತು ತಂದು, ತನಗೆ ಅನುಕೂಲವಾದ ಗೋಡೆಗೆ ಒರಗಿಸಿಕೊಂಡಿತೇ?

ಹೊಸ ಮನೆಗಳಿಗೆ ಟಿವಿ, ಇಂಟರ್ನೆಟ್ ಲೈನು ಕೊಡುವ ಕೆಲಸದಿಂದ ನಾನು ನಿವೃತ್ತನಾಗಿದ್ದೇನೆ. ಹೊಸಪೇಟೆಯಲ್ಲಿ ಈಗಲೂ ಕೆಲವರಿಗೆ ನಾನು ಲೈನ್ ಬಸಣ್ಣ. ನನ್ನ ಜೊತೆ ಮೊದಲಿನಿಂದಲೂ ದುಡಿದ ಖಾಜಾ ಒಂದು ದಿನ ಚಹಾ ಕುಡಿಯುತ್ತ, "ಹೊಸಬರು ಬಂದಾರಲೇ ಬಸಣ್ಣ, ಫೋನಿನ್ಯಾಗ ನೋಡಿ ಕೆಲಸ ಕಲಿತಾರ. ನೀನು ಬರದು ಕೊಡು" ಎಂದ. ಏನು ಬರೆಯಲಿ ಎಂದೆ. "ನಾವು ಮಾಡಿದ್ದು ಬರಿ. ಮಾಡಲಾರದ್ದು ಸಾಹೇಬರು ಬರದಾರ" ಎಂದ. ಮಾಡಿದ್ದು ಯಾವುದು, ಮಾಡದ್ದು ಯಾವುದು ಎಂಬುದೇ ಗೊಂದಲವಾಗಿರುವವನಿಗೆ ಇದು ಸುಲಭದ ಕೆಲಸವಲ್ಲ. ಆದರೂ ಬರೆಯುತ್ತೇನೆ.

ನಾನು ಸೇರಿದಾಗ ಲೈನು ಎಂಬುದೇ ಇರಲಿಲ್ಲ. ಉದ್ದನೆಯ ಕಬ್ಬಿಣದ ಪೈಪು, ತುದಿಗೆ ಮೀನಿನ ಮುಳ್ಳಿನಂಥ ಆಂಟೆನಾ. ಒಬ್ಬ ಮಾಳಿಗೆಯ ಮೇಲೆ ನಿಂತು ಅದನ್ನು ತಿರುಗಿಸಬೇಕು, ಇನ್ನೊಬ್ಬ ಒಳಗೆ ಟಿವಿಯ ಮುಂದೆ ಕೂರಬೇಕು, ಮೂರನೆಯವ ಬಾಗಿಲಲ್ಲಿ ನಿಂತು ಇವನ ಮಾತನ್ನು ಅವನಿಗೆ ಕೂಗಬೇಕು. "ಬಂತಾ?" "ಬಂತು!" "ಈಗ?" "ಹೋತು!" ಖಾಜಾ ಬಾಗಿಲಲ್ಲಿ ನಿಲ್ಲುತ್ತಿದ್ದ. ಊಟದ ಹೊತ್ತಾದರೆ ಒಳಗಿನವರು ಏನೇ ಹೇಳಲಿ, ಅವನು ಮೇಲಕ್ಕೆ "ಬಂತು!" ಎಂದು ಕೂಗಿಬಿಡುತ್ತಿದ್ದ. ನಾನು ಪೈಪು ಬಿಗಿದು ಇಳಿದು ಬಂದರೆ ಪರದೆಯ ಮೇಲೆ ಇರುವೆಗಳ ಜಾತ್ರೆ. ಆಮೇಲೆ ಕೇಬಲ್ ಬಂತು, ಡಿಶ್ ಬಂತು, ಕೊನೆಗೆ ಕೂದಲಿನಷ್ಟು ತೆಳ್ಳಗಿನ ಗಾಜಿನ ತಂತಿ ಬಂತು. ಕ್ರಮ ಮಾತ್ರ ಬದಲಾಗಲಿಲ್ಲ. ಮೇಲೊಬ್ಬ, ಒಳಗೊಬ್ಬ, ನಡುವೆ ಸುಳ್ಳು ಕೂಗುವವನೊಬ್ಬ. ನಡುವಿನವನ ಸಂಬಳ ಮಾತ್ರ ಹೆಚ್ಚುತ್ತ ಹೋಯಿತು.

ಹೊಸ ಮನೆಯವರು ಲೈನು ಆರಿಸುವ ರೀತಿಯನ್ನು ಹೊಸಬರು ತಿಳಿದಿರಬೇಕು. ತಲಬಾಗಿಲ ಚೌಕಟ್ಟಿಗೆ ಯಾವ ಕಟ್ಟಿಗೆ ಎಂದು ಮೂರು ತಿಂಗಳು ಯೋಚಿಸುವವರು, ಲೈನು ಯಾವುದು ಎಂದು ಗೃಹಪ್ರವೇಶದ ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ಯೋಚಿಸುತ್ತಾರೆ. "ಹಾಲು ಉಕ್ಕೋದ್ರಾಗ ನೆಟ್ ಬರಬೇಕ್ರಿ" ಎಂದು ನನಗೆ ಫೋನು ಮಾಡಿದವರಿದ್ದಾರೆ. ವೇಗ ಎಷ್ಟು ಬೇಕು ಎಂದು ಕೇಳಿದರೆ, ಮರಿಯಮ್ಮನಹಳ್ಳಿಯ ಒಬ್ಬರು, "ನಮ್ಮ ಸಡ್ಡಕ ನೂರು ಹಾಕಿಸ್ಯಾನ, ನಮಗ ಇನ್ನೂರು ಹಾಕ್ರಿ" ಎಂದರು. ಯಾತಕ್ಕೆ ಬೇಕು ಎಂದೆ. "ಅವನು ಯಾತಕ್ಕ ಹಾಕಿಸ್ಯಾನಂತ ತಿಳದಿಲ್ರಿ, ತಿಳದ ಕೂಡ್ಲೆ ಹೇಳ್ತೀನಿ" ಎಂದರು. ಅವರ ಮನೆಯಲ್ಲಿ ಇದ್ದದ್ದು ಒಂದು ಫೋನು, ಒಂದು ಟಿವಿ. ಟಿವಿಯಲ್ಲಿ ನೋಡುತ್ತಿದ್ದದ್ದು ತುಂಗಭದ್ರಾ ಡ್ಯಾಮಿಗೆ ಎಷ್ಟು ನೀರು ಬಂತು ಎಂಬ ಸುದ್ದಿ. ಅದು ಇನ್ನೂರರಲ್ಲೂ ಅಷ್ಟೇ ಬರುತ್ತದೆ.

ಕಂಪ್ಲಿಯಲ್ಲಿ ಅಕ್ಕಿ ಗಿರಣಿಯವರೊಬ್ಬರು ಮನೆ ಕಟ್ಟಿಸಿದರು. ಕೋಣೆಗೊಂದು ಟಿವಿ ಪಾಯಿಂಟು. ಮಾಳಿಗೆಯಿಂದ ಗೋಡೆಯೊಳಗೇ ಪೈಪು ಇಳಿಸಿದ್ದರು. ಇಷ್ಟು ಬುದ್ಧಿವಂತಿಕೆ ನಮ್ಮ ಕಡೆ ಅಪರೂಪ, ನಾನು ಮೆಚ್ಚಿದೆ. ಮೇಲಿಂದ ತಂತಿ ತಳ್ಳಿದರೆ ಹೋಗುತ್ತಿಲ್ಲ. ಉಕ್ಕಿನ ಸ್ಪ್ರಿಂಗ್ ಹಾಕಿ ಜೋರಾಗಿ ತಳ್ಳಿದೆ. ಕೆಳಗೆ ಹಜಾರದಲ್ಲಿ ಒಂದು ಕೂಗು. ಓಡಿ ಬಂದು ನೋಡಿದರೆ ಟಿವಿ ಪಾಯಿಂಟಿನ ತೂತಿನಿಂದ ಭತ್ತ ಸುರಿಯುತ್ತಿದೆ. ಪೈಪಿನ ಬಾಯಿ ಮುಚ್ಚದೆ ಇಡೀ ಸುಗ್ಗಿ ಮಾಳಿಗೆಯ ಮೇಲೆ ಭತ್ತ ಒಣಹಾಕಿದ್ದರು. ಮನೆಯೊಡತಿ ಆ ತೂತಿನ ಮುಂದೆ ಸೆರಗೊಡ್ಡಿ ನಿಂತಿದ್ದರು. ನಾನು ಇನ್ನೊಮ್ಮೆ ತಳ್ಳಿ ಸ್ವಚ್ಛ ಮಾಡುತ್ತೇನೆ ಎಂದರೆ, "ಕೈ ಹಚ್ಚಬ್ಯಾಡ್ರಿ! ಗ್ವಾಡಿಯೊಳಗಿಂದ ಲಕ್ಷ್ಮಿ ಬಂದಾಳ, ನೀವು ತಂತಿ ತುರುಕ್ತೀರೇನು?" ಎಂದರು. ಆ ತೂತಿಗೆ ಕುಂಕುಮ ಹಚ್ಚಿದರು. ಲೈನು ಕಿಟಕಿಯ ಸಂದಿಯಿಂದ ಒಳಗೆ ಬಂತು. ಈಗಲೂ ಹಾಗೇ ಇರಬೇಕು. ಕಿಟಕಿ ಮುಚ್ಚಿದರೆ ತಂತಿ ತುಂಡಾಗುತ್ತದೆ; ಆದ್ದರಿಂದ ಮುಚ್ಚುವುದಿಲ್ಲ; ಆದ್ದರಿಂದ ಸೊಳ್ಳೆ. ಲಕ್ಷ್ಮಿ ಬರುವಾಗ ಒಬ್ಬಳೇ ಬರುವುದಿಲ್ಲ.

ಸಂಡೂರಿನ ಮನೆಯೊಂದರಲ್ಲಿ ವಾರಕ್ಕೊಮ್ಮೆ ನೆಟ್ ನಿಲ್ಲುತ್ತಿತ್ತು. ಹೋಗಿ ನೋಡಿದರೆ ರೂಟರ್ ಡಬ್ಬಿಗೆ ಅಳತೆ ತೆಗೆದು ಹೊಲಿದ ಗವಸು. ಕೆಂಪು ಬಟ್ಟೆ, ಲಂಬಾಣಿ ಕಸೂತಿ, ಅಂಚಿಗೆಲ್ಲ ಕನ್ನಡಿ ಬಿಲ್ಲೆ. ಗಣಿ ಧೂಳು ಕೂರಬಾರದೆಂದು ಮನೆಯ ಅಜ್ಜಿ ಎರಡು ತಿಂಗಳು ಕೂತು ಹೊಲಿದದ್ದು. ಒಳಗೆ ಡಬ್ಬಿ ಇಡ್ಲಿಯಂತೆ ಬೇಯುತ್ತಿತ್ತು. ಬಿಚ್ಚಿ ಬಂದೆ. ಮರುವಾರ ಹೋದರೆ ಮತ್ತೆ ಗವಸು. ಅಜ್ಜಿ ನನ್ನನ್ನೇ ಗದರಿದರು: "ನಾಕು ಮಂದಿ ಬಂದು ಹೋಗೋ ಮನಿ ಇದು. ಬರಿಮೈಲೆ ಕುಂದ್ರಿಸ್ಲೇನು ಅದನ್ನ?" ಕೊನೆಗೆ ಗವಸಿನ ಹಿಂಭಾಗದಲ್ಲಿ, ಯಾರಿಗೂ ಕಾಣದಂತೆ, ಬ್ಲೇಡಿನಿಂದ ಕಿಟಕಿ ಕೊಯ್ದು ಬಂದೆ. ನನ್ನ ವೃತ್ತಿಜೀವನದ ಅತ್ಯುತ್ತಮ ತಾಂತ್ರಿಕ ಪರಿಹಾರ ಅದು. ಯಾವ ಫಾರ್ಮಿನಲ್ಲೂ ಅದನ್ನು ಬರೆಯಲು ಜಾಗವಿರಲಿಲ್ಲ.

ಫಾರ್ಮಿನ ಮಾತು ಬಂತು. ನಮ್ಮ ಕೊನೆಯ ಏರಿಯಾ ಅಧಿಕಾರಿಯನ್ನು ಸಾಹೇಬರು ಎಂದೇ ಕರೆಯುತ್ತೇನೆ. ಹೆಸರು ಬರೆದರೆ ಅವರಿಗೆ ಖುಷಿಯಾಗಿಬಿಡಬಹುದು. ಅವರು ಬಂದಾಗ ಕಂಪನಿ ಒಂದು ಹೊಸ ವಿಧಾನ ತಂದಿತ್ತು. ಊರಾಚೆ ತಂತಿ ಎಳೆಯುವ ಬದಲು ಮಾಳಿಗೆಯ ಮೇಲೆ ತಟ್ಟೆಯಂಥ ಸಣ್ಣ ಯಂತ್ರ ಕೂರಿಸಿ, ನೇರವಾಗಿ ಟವರಿಗೆ ಮುಖ ಮಾಡುವುದು. ತಟ್ಟೆಗೆ ಟವರ್ ಕಾಣಬೇಕು, ಅಷ್ಟೇ. ನಡುವೆ ಏನಾದರೂ ಅಡ್ಡ ಬಂದರೆ ಮುಗಿಯಿತು. ಸಾಹೇಬರು ಗೋಡೆಯ ನಕಾಶೆಯ ಮೇಲೆ ಕೈವಾರದಿಂದ ಒಂದು ವೃತ್ತ ಎಳೆದು, "ಇದರೊಳಗಿನ ಪ್ರತಿ ಮನೆಗೂ ಸಿಗ್ನಲ್ ಸಿಗುತ್ತದೆ" ಎಂದರು.

"ಹಂಪಿ ಕಡೆ ಬರೇ ಗುಂಡು ಅದಾವ್ರಿ ಸರ್. ಮನಿಯಂಥ ಗುಂಡು" ಎಂದೆ.

"ನಕಾಶೆಯಲ್ಲಿ ಬಂಡೆ ಎಲ್ಲಿದೆ, ತೋರಿಸಿ" ಎಂದರು.

ನಕಾಶೆಯಲ್ಲಿ ಇರಲಿಲ್ಲ. ನಾನು ಸೋತೆ. ಅವರ ಫಾರ್ಮಿನಲ್ಲಿ ಹನ್ನೊಂದು ಚೌಕಗಳಿದ್ದವು. ಒಂಬತ್ತನೆಯದು: ಮಾಳಿಗೆ ಹತ್ತಿ ಟವರ್ ಕಾಣುವುದನ್ನು ಖಚಿತಪಡಿಸಿಕೊಂಡಿದ್ದೇನೆ. ಅದಕ್ಕೊಂದು ಗುರುತು ಹಾಕಿ, ಕೆಳಗೆ ಸಹಿ. ದಿನಕ್ಕೆ ಏಳು ಮನೆ ಮುಗಿಸಬೇಕು. ಹತ್ತುವುದಕ್ಕಿಂತ ಗುರುತು ಹಾಕುವುದು ಸುಲಭ ಎಂಬುದನ್ನು ಕಂಡುಹಿಡಿಯಲು ನಮಗೆ ಒಂದು ವಾರ ಸಾಕಾಯಿತು.

ರೇಣುಕಾಳ ಮನೆ ಹಂಪಿಗೆ ಹೋಗುವ ದಾರಿಯಲ್ಲಿ, ಕಮಲಾಪುರಕ್ಕೆ ಸ್ವಲ್ಪ ಈಚೆ, ಹೊಸದಾಗಿ ಎದ್ದ ಬಡಾವಣೆಯಲ್ಲಿ. ಗಂಡ ತೋರಣಗಲ್ಲಿನ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸದವನು. ಅವನನ್ನು ನಾನು ಎಚ್ಚರವಾಗಿ ನೋಡಿದ್ದು ಕಡಿಮೆ. ಮನೆಯ ಕೆಲಸ ನೋಡಿಕೊಳ್ಳುತ್ತಿದ್ದವರು ರೇಣುಕಾ ಮತ್ತು ಅವಳ ಅತ್ತೆ ತಿಪ್ಪಮ್ಮ. ನಾನು ಮೊದಲ ಸಲ ಹೋದಾಗ ಸ್ಲ್ಯಾಬು ಹಾಕಿದ್ದರು, ಕೆಳಗೆ ಆನಿಸಿದ ಕಂಬಗಳನ್ನು ಇನ್ನೂ ಬಿಚ್ಚಿರಲಿಲ್ಲ. ತಿಪ್ಪಮ್ಮ ಸಿಮೆಂಟ್ ಚೀಲದ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ರೇಣುಕಾ ಜಲ್ಲಿ ರಾಶಿಯ ಪಕ್ಕ ನಿಂತು ನೇರವಾಗಿ ಕೇಳಿದಳು.

"ಅಣ್ಣ, ಟಿವಿ ಮಾತು ಬಿಡ್ರಿ. ಟಿವಿ ಬರಲಿಲ್ಲಂದ್ರ ನಮ್ಮತ್ತಿ ನನ್ನ ಬೈತಾಳ, ಅಷ್ಟ."

"ಬೈಲಾರದ ಬಿಡ್ತೀನೇನು?" ಎಂದರು ತಿಪ್ಪಮ್ಮ.

"ನನ್ನ ಕೆಲಸ ನೆಟ್ಟಿನ ಮ್ಯಾಲ ಐತ್ರಿ. ದೂರದ ಊರಿನ ಆಸ್ಪತ್ರಿದು, ಮನ್ಯಾಗ ಕುಂತು ಫೋನ್ ಎತ್ತೋದು. ವಾರದಾಗ ಮೂರು ಸಲ ಕಟ್ ಆದ್ರ ತಗದು ಹಾಕ್ತಾರ. ನಿಮಗ ಸ್ವಲ್ಪ ಅನುಮಾನ ಇದ್ರೂ ಈಗ ಹೇಳಿಬಿಡ್ರಿ. ಹೊಸಪೇಟೆ ಬಾಡಿಗಿ ಮನ್ಯಾಗ ಲೈನ್ ಚಲೋ ಐತಿ, ಇನ್ನಾರು ತಿಂಗಳು ಅಲ್ಲೇ ಇರ್ತೀವಿ."

"ಅನುಮಾನ ಗಿನುಮಾನ ಏನಿಲ್ಲವಾ. ಹಂಪ್ಯಾಗ ಮಂಗ್ಯಾ ಸುದ್ದಾ ಫೋನ್ ಹಿಡ್ಕಂಡು ಕುಂತಿರ್ತೈತಿ" ಎಂದರು ತಿಪ್ಪಮ್ಮ.

ನಾನು ಒಂಬತ್ತನೆಯ ಚೌಕಕ್ಕೆ ಗುರುತು ಹಾಕಿದೆ.

ಹಾಕುವ ಮೊದಲು ನಡೆದದ್ದು ನನ್ನಲ್ಲಿ ಎರಡು ಬಗೆಯಲ್ಲಿ ಉಳಿದಿದೆ. ಒಂದರಲ್ಲಿ ನಾನು ಬಿದಿರಿನ ಏಣಿ ಹತ್ತುತ್ತೇನೆ, ಹುರಿ ಸುತ್ತಿದ ಮೆಟ್ಟಿಲನ್ನು ದಾಟಿ ಕಾಲಿಡುತ್ತೇನೆ, ಪಡುವಣಕ್ಕೆ ತಿರುಗಿ ನೋಡಿದರೆ ಎರಡು ಗುಂಡುಗಳ ನಡುವೆ ಟವರು, ಅದರ ತುದಿಯಲ್ಲಿ ಕೆಂಪು ದೀಪ. ಇನ್ನೊಂದರಲ್ಲಿ ಕಿಸೆಯೊಳಗೆ ಫೋನು ಬಡಿದುಕೊಳ್ಳುತ್ತದೆ, ಸಾಹೇಬರು "ಎಷ್ಟಾಯಿತು?" ಎನ್ನುತ್ತಾರೆ, ನಾನು "ಐದನೇದು ಸರ್" ಎನ್ನುತ್ತೇನೆ, ನೆರಳಿನಲ್ಲಿ ನಿಂತೇ ಪೆನ್ನು ತೆಗೆಯುತ್ತೇನೆ. ಮೊದಲನೆಯದು ಹೆಚ್ಚು ಚೆನ್ನಾಗಿದೆ. ಆದರೆ ನಾನು ಅಲ್ಲಿದ್ದದ್ದು ನಡುಮಧ್ಯಾಹ್ನ. ಆ ಬಿಸಿಲಿನಲ್ಲಿ, ಅಷ್ಟು ದೂರದ ಕೆಂಪು ದೀಪ ಯಾರಿಗೆ ಕಂಡೀತು?

ಐದು ತಿಂಗಳ ನಂತರ ಅವರು ಬಾಡಿಗೆ ಮನೆ ಬಿಟ್ಟು ಬಂದರು. ನಾನೂ ಖಾಜಾನೂ ತಟ್ಟೆ ಹೊತ್ತು ಹೋದೆವು. ಅಷ್ಟರಲ್ಲಿ ಕಲ್ಲಿನ ಮೆಟ್ಟಿಲು ಬಂದಿತ್ತು. ಖಾಜಾ ಮೇಲೆ ಹೋದವನು ಅಲ್ಲಿಂದಲೇ ಕೂಗಿದ.

"ಬಸಣ್ಣ, ಟವರ್ ಎಲ್ಲೈತಲೇ?"

"ಪಡುವಲಕ್ಕ ನೋಡು!"

"ಪಡುವಲಕ್ಕ ಗುಂಡೈತಿ. ಆನಿ ಮಲಗಿದಂಗ ಮಲಗೈತಿ. ಎಬ್ಬಿಸ್ಲೇನು?"

ಎಬ್ಬಿಸಲಾಗಲಿಲ್ಲ. ಇಪ್ಪತ್ತಡಿ ಪೈಪು ನಿಲ್ಲಿಸಿ ಅದರ ತುದಿಗೆ ತಟ್ಟೆ ಕಟ್ಟಿದೆವು. ಆನೆಯ ಬೆನ್ನ ಮೇಲಿಂದ ಇಣುಕಿ ಅಷ್ಟಿಷ್ಟು ಸಿಗ್ನಲ್ ಬಂತು. ಮಧ್ಯಾಹ್ನ ಗಾಳಿ ಎದ್ದಾಗ ಪೈಪು ಓಲಾಡುತ್ತಿತ್ತು, ಪೈಪಿನೊಂದಿಗೆ ರೇಣುಕಾಳ ಕೆಲಸವೂ. ಮೊದಲ ವಾರವೇ ನಾಲ್ಕು ಸಲ ಕಟ್ ಆಯಿತು. ಆಸ್ಪತ್ರೆಯವರು ಒಳ್ಳೆಯವರೆಂದೇ ಹೇಳಬೇಕು, ಹದಿನೈದು ದಿನ ಕೊಟ್ಟರು. ಅಷ್ಟರೊಳಗೆ ಗಟ್ಟಿ ಲೈನು ಬರಬೇಕು, ಇಲ್ಲವಾದರೆ ಅವಳ ಜಾಗಕ್ಕೆ ಬೇರೆಯವರು ಬರುತ್ತಾರೆ.

ನಾನು ಹೋದಾಗ ರೇಣುಕಾ ಫಾರ್ಮಿನ ಪ್ರತಿ ಹಿಡಿದು ನಿಂತಿದ್ದಳು.

"ಅಣ್ಣ, ಮಾಳಿಗಿ ಹತ್ತಿ ನೋಡೀನಿ ಅಂತ ಇದರಾಗ ಐತಿ. ಅವತ್ತು ಮೆಟ್ಲಾನ ಇರಲಿಲ್ಲಲ್ಲ."

"ಏಣಿ ಇತ್ತಮ್ಮ."

"ಯಾವ ಏಣಿ?"

"ಬಿದಿರಿಂದು. ಮೂರನೇ ಮೆಟ್ಲಕ್ಕ ಹುರಿ ಸುತ್ತಿದ್ರು."

ನಾನು ಎಷ್ಟು ಖಚಿತವಾಗಿ ಹೇಳಿದೆನೆಂದರೆ ಅವಳು ಒಳಕ್ಕೆ ತಿರುಗಿ, "ಅತ್ತಿ, ಅವತ್ತು ಏಣಿ ಇತ್ತೇನು?" ಎಂದು ಕೇಳಿದಳು.

"ಇದ್ದೀತು ತಗಾ. ಗೌಂಡಿ ಏನು ಹಾರಿ ಹೋಗ್ತಿದ್ನಾ ಮ್ಯಾಲ?"

"ಗೌಂಡಿ ಕಟ್ಟಿಗಿ ಕಂಬ ಹಿಡ್ಕಂಡು ಹತ್ತತಿದ್ದ. ನಾನು ದಿನಾ ನೋಡೀನಿ" ಎಂದಳು ರೇಣುಕಾ. ಆಮೇಲೆ ನನಗೆ, "ಇರ್ಲಿ ಬಿಡ್ರಿ. ಬೈಯಾಕ ಕೇಳಲಿಲ್ಲ. ಈಗ ಏನು ಮಾಡ್ತೀರಿ ಹೇಳ್ರಿ" ಎಂದಳು. ಬೈದಿದ್ದರೆ ಬದುಕುತ್ತಿದ್ದೆ.

ಮಾಡಬಹುದಾದದ್ದು ಒಂದೇ. ದೊಡ್ಡ ರಸ್ತೆಯ ತನಕ ಗಾಜಿನ ತಂತಿ ಬಂದಿತ್ತು. ಆ ಕಡೆ ಹೊಸ ಕಂಬ ನೆಡಬೇಕಾದರೆ ಹಲವು ಕಚೇರಿಗಳ ಅನುಮತಿ ಬೇಕು. ಅದಕ್ಕೆ ಹದಿನೈದು ದಿನವಲ್ಲ, ಹದಿನೈದು ತಿಂಗಳೂ ಸಾಲದು. ಕಂಬವಿಲ್ಲದೆ ನಡುವಿನ ಏಳು ಮನೆಗಳ ಮಾಳಿಗೆಯ ಮೇಲಿಂದ ತಂತಿ ತರಬಹುದಿತ್ತು. ಸಾಹೇಬರ ಹತ್ತಿರ ಹೋದೆ.

"ಈ ಮನೆಗೆ ಸಿಗ್ನಲ್ ಇದೆ" ಎಂದರು ಅವರು, ಪರದೆ ನೋಡುತ್ತ.

"ಇಲ್ರಿ ಸರ್. ಗುಂಡು ಅಡ್ಡ ಐತಿ."

"ಇದೆ ಎಂದು ನೀವೇ ಸಹಿ ಮಾಡಿದ್ದೀರಿ. ಸಿಗ್ನಲ್ ಇರುವ ಮನೆಗೆ ಫೈಬರ್ ಕೊಡಲು ಬರುವುದಿಲ್ಲ. ಮಾಳಿಗೆ ಹತ್ತಿರಲಿಲ್ಲ, ತಪ್ಪಾಗಿ ಗುರುತು ಹಾಕಿದೆ ಎಂದು ಬರೆದುಕೊಡಿ, ಮಂಜೂರು ಮಾಡುತ್ತೇನೆ."

ಇದನ್ನು ಹೊಸಬರು ಗಮನವಿಟ್ಟು ಓದಬೇಕು. ಲೈನಿಗೆ ಅಡ್ಡವಾಗಿ ಬಂಡೆ ಒಂದೇ ಇರಲಿಲ್ಲ, ನನ್ನ ಗುರುತೂ ಇತ್ತು. ಬಂಡೆಯನ್ನು ಸರಿಸಲು ಬರುತ್ತಿರಲಿಲ್ಲ, ಗುರುತನ್ನು ಸರಿಸಬಹುದಿತ್ತು. ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಅಂಥ ಕಾಗದ ಕಡತದಲ್ಲಿ ಕೂತರೆ ನಿವೃತ್ತಿಯ ಹಣ ಹೇಗೆ ತಡೆಯುತ್ತಾರೆಂದು ಕಂಡವರಿಂದ ಕೇಳಿದ್ದೆ. ಅದಕ್ಕಿಂತ ಒಳ್ಳೆಯ ಕಾರಣವೂ ನನ್ನಲ್ಲಿತ್ತು: ನಾನು ಹತ್ತಿದ್ದೆನಲ್ಲ! ಏಣಿ ಕಣ್ಣ ಮುಂದಿದೆ, ಹುರಿ ಕಾಣುತ್ತಿದೆ. ನಡೆಯದ್ದನ್ನು ನಡೆದಿದೆ ಎಂದು ಹೇಗೆ ಬರೆದುಕೊಡಲಿ? ಸತ್ಯಕ್ಕೆ ಕಟ್ಟುಬಿದ್ದು ಆರು ದಿನ ಬರೆಯಲಿಲ್ಲ. ಆರು ದಿನ ಎಂಬುದು ಮಾತ್ರ ಚೆನ್ನಾಗಿ ನೆನಪಿದೆ. ಅದರಲ್ಲಿ ಯಾವ ಸಂಶಯವೂ ಇಲ್ಲ.

ಏಳನೆಯ ದಿನ ಬೆಳಿಗ್ಗೆ ಬರೆದುಕೊಟ್ಟೆ. ದೊಡ್ಡ ಮನಸ್ಸಿನಿಂದಲ್ಲ. ಹಿಂದಿನ ದಿನ ಖಾಜಾ, "ಆಕಿ ದಿನಾ ಹೊಸಪೇಟೆ ಬಸ್ ಹತ್ತಿ ಅಕ್ಕನ ಮನಿಗೆ ಹೋಗಿ ಕುಂತು ಫೋನ್ ಎತ್ತಾಕತ್ಯಾಳಂತ. ಅಲ್ಲಿ ಕೂಸು ಅಳ್ತೈತಿ, ಅದೂ ಫೋನಿನ್ಯಾಗ ಕೇಳ್ತೈತಂತ. ನೀನು ಯಾವ ಏಣಿ ಮ್ಯಾಲ ಕುಂತಿದ್ದೀಲೇ ಇನ್ನಾ? ಇಳಿ ಕೆಳಗ" ಎಂದಿದ್ದ. 'ದಿನಾಂಕದಂದು ನಾನು ಸದರಿ ಮನೆಯ ಮಾಳಿಗೆಯನ್ನು ಹತ್ತಿರಲಿಲ್ಲ' ಎಂದು ಬರೆದು ಸಹಿ ಹಾಕಿದೆ. ಸಾಹೇಬರು ಅದೇ ದಿನ ಮಂಜೂರು ಮಾಡಿದರು. ನನ್ನ ಕಡತಕ್ಕೂ ಏನೂ ಆಗಲಿಲ್ಲ. ಅದನ್ನು ಯಾರೂ ತೆರೆಯುವುದೇ ಇಲ್ಲವೆಂದು ನನಗೆ ಮೊದಲೇ ತಿಳಿದಿರಬೇಕಿತ್ತು.

ಏಳು ಮನೆ ಒಪ್ಪಿಸಲು ಹತ್ತು ದಿನ ಹಿಡಿಯಿತು. ಒಬ್ಬರು, ತಂತಿ ಹಾದುಹೋದರೆ ನಮಗೂ ಪುಕ್ಕಟೆ ನೆಟ್ ಸೋರುತ್ತದೆಯೇ ಎಂದು ಕೇಳಿದರು. ಸೋರುವುದಿಲ್ಲವೆಂದಾಗ ಬೇಡ ಎಂದರು. ಅವರನ್ನು ಒಪ್ಪಿಸಲು ಮೂರು ದಿನ. ಇನ್ನೊಬ್ಬರು, "ತಂತಿ ನಮ್ಮ ಮನಿ ಮ್ಯಾಲ ಹಾದ್ರ ನಮ್ಮ ಲಕ್ಷ್ಮಿ ಅದರಾಗ ಹರದು ಅವರ ಮನಿಗೆ ಹೋಗ್ತಾಳ" ಎಂದರು. ಖಾಜಾ ಗಂಭೀರವಾಗಿ, "ಇದು ತಾಮ್ರದ್ದಲ್ರಿ, ಗಾಜಿಂದು. ಲಕ್ಷ್ಮಿ ಕಾಲಿಟ್ರ ಜಾರ್ತಾಳ" ಎಂದ. ಒಪ್ಪಿದರು. ಹದಿನೇಳನೆಯ ದಿನ ಸಂಜೆ ರೇಣುಕಾಳ ಮನೆಯ ಡಬ್ಬಿಯಲ್ಲಿ ಹಸಿರು ದೀಪ ಹತ್ತಿತು. ಬಾಗಿಲಲ್ಲಿ ನಿಂತಿದ್ದ ಖಾಜಾ ಹಳೆಯ ಅಭ್ಯಾಸದಂತೆ "ಬಂತು!" ಎಂದು ಕೂಗಿದ. ಈ ಸಲ ನಿಜವಾಗಿಯೂ ಬಂದಿತ್ತು. ಆದರೆ ಎರಡು ದಿನ ತಡವಾಗಿತ್ತು. ರೇಣುಕಾ ಒಳಗಿನ ಕೋಣೆಯಲ್ಲಿ, ಫೋನ್ ಎತ್ತಲೆಂದು ಆಸ್ಪತ್ರೆಯವರು ಕಳಿಸಿದ್ದ ಕಿವಿಗೆ ಹಾಕುವ ಯಂತ್ರವನ್ನು ಅದು ಬಂದ ಡಬ್ಬದೊಳಗೇ ಇಟ್ಟು, ವಾಪಸು ಕಳುಹಿಸಲು ವಿಳಾಸ ಬರೆಯುತ್ತಿದ್ದಳು. ನಾನು ಆರು ದಿನ ಸತ್ಯವಂತನಾಗಿರದಿದ್ದರೆ ಲೈನು ಹನ್ನೊಂದನೆಯ ದಿನ ಬರುತ್ತಿತ್ತು.

ತಿಪ್ಪಮ್ಮ ಟಿವಿ ಹಚ್ಚಿದರು. "ಮಸ್ತ್ ಬರ್ತೈತಪ್ಪ! ಗಾಜಿನಂಗೈತಿ" ಎಂದರು.

ನನ್ನ ಬೀಳ್ಕೊಡುಗೆಯ ದಿನ ಸಾಹೇಬರು ಶಾಲು ಹೊದಿಸಿ ಮಾತಾಡಿದರು. ಗ್ರಾಹಕರು ಕೆಲಸ ಮೆಚ್ಚಿ ಫೋನಿನಲ್ಲಿ ಕೊಡುವ ಚುಕ್ಕಿಗಳ ಪಟ್ಟಿ ತರಿಸಿದ್ದರು. ಆ ವರ್ಷ ನನಗೆ ಬಂದ ಏಕೈಕ ಐದು ಚುಕ್ಕಿ ಕಮಲಾಪುರದ ಕಡೆಯ ಒಂದು ಮನೆಯಿಂದ, 'ಲೈನು ಬಹಳ ಚೆನ್ನಾಗಿ ಬರುತ್ತಿದೆ' ಎಂಬ ಮಾತಿನೊಂದಿಗೆ ಬಂದಿತ್ತು ಎಂದು ಓದಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಖಾಜಾ ತಟ್ಟಲಿಲ್ಲ ಎಂದು ನನ್ನ ನೆನಪು. ತಟ್ಟಿದೆ ಎಂದು ಅವನ ವಾದ.

ಈಚೆಗೆ ಹೊಸಪೇಟೆ ಬಸ್ ನಿಲ್ದಾಣದಲ್ಲಿ ರೇಣುಕಾ ಸಿಕ್ಕಳು. ತೋರಣಗಲ್ಲಿನಲ್ಲಿ ಒಬ್ಬ ಗುತ್ತಿಗೆದಾರರ ಕಚೇರಿಯಲ್ಲಿ ಹಾಜರಿ ಬರೆಯುವ ಕೆಲಸ. ಹೋಗಿ ಬರುವುದರಲ್ಲೇ ಮೂರು ತಾಸು. ಅತ್ತೆ ಹೇಗಿದ್ದಾರೆ ಎಂದೆ. "ಏಳು ಮನಿ ದಾಟಿ ಬಂದ ಲೈನಿನ್ಯಾಗ ಎಂಟು ಸೀರಿಯಲ್ ನೋಡ್ತಾಳ" ಎಂದು ನಕ್ಕಳು. ಬಸ್ಸು ಬಂತು. ಹತ್ತುವ ಮುನ್ನ ತಿರುಗಿ ಕೇಳಿದಳು.

"ಅಣ್ಣ, ಈಗ ನೀವೂ ರಿಟೈರ್ ಆಗೀರಿ, ನನ್ನ ಕೆಲಸಾನೂ ಹೋಗೈತಿ. ಯಾರಿಗೂ ಏನೂ ಆಗಂಗಿಲ್ಲ. ಅವತ್ತು ಹತ್ತಿದ್ರೋ ಇಲ್ಲೋ? ಅಷ್ಟು ಹೇಳ್ರಿ."

ನಾನು ಬಾಯಿ ತೆರೆದೆ. ಬಸ್ಸು ಹೊರಟಿತು. ಕಂಪನಿಯ ಕಡತದಲ್ಲಿ ಎರಡು ಕಾಗದಗಳಿವೆ. ಒಂದರಲ್ಲಿ ಹತ್ತಿದ್ದೆ ಎಂದಿದೆ, ಇನ್ನೊಂದರಲ್ಲಿ ಹತ್ತಿರಲಿಲ್ಲ ಎಂದಿದೆ. ಎರಡರ ಕೆಳಗೂ ನನ್ನದೇ ಸಹಿ. ಯಾವುದು ನಿಜವೋ ನನಗೆ ಗೊತ್ತಿಲ್ಲ.